ಕೃಪೆಗೆ ಬೆಲೆ ಕಟ್ಟಲಾದೀತೆ?

ಜರ್ಮನಿಯ ಎರ್ಫುರ್ಟ್ ಪಟ್ಟಣದ ಅಗಸ್ಟೀನಿಯನ್ ಮಠವನ್ನು 1505ರ ಜುಲೈ ತಿಂಗಳಲ್ಲಿ ಸೇರಿದಾಗ ಮಾರ್ಟಿನ್ ಲೂಥರನಿಗೆ 21 ವರ್ಷ. ಮಗ ಕಾನೂನು ಓದಿ ದೊಡ್ಡ ಹುದ್ದೆ ಹಿಡಿಯಬೇಕೆಂಬುದು ತಾಮ್ರದ ಗಣಿ ವ್ಯವಹಾರದಲ್ಲಿ ಕಷ್ಟಪಟ್ಟು ಮೇಲೆ ಬಂದಿದ್ದ ತಂದೆಯ ಆಸೆ. ಆದರೆ ಆ ತಿಂಗಳ ಆರಂಭದಲ್ಲಿ ಊರಿನಿಂದ ಮರಳುತ್ತಿದ್ದಾಗ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ ಸಿಡಿಲು ಬಡಿಯಿತು. ಸಾವಿನ ಭಯದಲ್ಲಿ ಲೂಥರ್ ಸಂತ ಅನ್ನಳನ್ನು ಕೂಗಿ, ಬದುಕಿ ಉಳಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತ. ಹದಿನೈದು ದಿನಗಳಲ್ಲೇ ಹರಕೆ ತೀರಿಸಿದ. ತಂದೆ ಕೆಂಡವಾದ.

ಭಯದಿಂದ ಮಠ ಸೇರಿದವನಿಗೆ ಅಲ್ಲಿ ಭಯ ಕಡಿಮೆಯಾಗಬೇಕಿತ್ತು, ಹಾಗಾಗಲಿಲ್ಲ. ರಾತ್ರಿಯ ಜಾಗರಣೆ, ಉಪವಾಸ, ಚಳಿಯಲ್ಲಿ ಹೊದಿಕೆಯಿಲ್ಲದ ನಿದ್ರೆ, ಗಂಟೆ ಗಂಟೆಗೆ ಪ್ರಾರ್ಥನೆ, ಎಲ್ಲವನ್ನೂ ಲೂಥರ್ ನಿಯಮಕ್ಕಿಂತ ಒಂದು ಹಿಡಿ ಹೆಚ್ಚಾಗಿಯೇ ಮಾಡಿದ. ಗುರುಗಳ ಮುಂದೆ ಪಾಪನಿವೇದನೆಗೆ ಕುಳಿತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಎದ್ದು ಹೊರಟ ಮೇಲೆ ಮರೆತ ತಪ್ಪೊಂದು ನೆನಪಾಗಿ ಮತ್ತೆ ಓಡಿ ಬರುತ್ತಿದ್ದ. ಮಠದ ಹಿರಿಯನೂ ಲೂಥರನ ಹಿತೈಷಿಯೂ ಆಗಿದ್ದ ಯೋಹಾನ್ ಫಾನ್ ಸ್ಟೌಪಿಟ್ಸ್ ಈ ಶಿಷ್ಯನ ಅತಿಯಾದ ಪಾಪಭೀತಿಗೆ ರೋಸಿಹೋದದ್ದೂ ಉಂಟು.

ನಿಯಮ ಮುರಿದವನಿಗೆ ಭಯವಾದರೆ ಅದರಲ್ಲಿ ವಿಶೇಷವಿಲ್ಲ. ಲೂಥರನದು ನಿಯಮ ಪಾಲಿಸಿದವನ ಭಯ. ತಪ್ಪೆಲ್ಲವನ್ನೂ ಒಪ್ಪಿಕೊಂಡರೆ ಕ್ಷಮೆ ಎನ್ನುವುದಾದರೆ, ಎಲ್ಲವೂ ನೆನಪಿಗೆ ಬಂದಿದೆ ಎಂದು ತಿಳಿಯುವುದು ಹೇಗೆ? ಪಶ್ಚಾತ್ತಾಪ ನಿಜವಾಗಿದ್ದರೆ ಮಾತ್ರ ಕ್ಷಮೆ ಎನ್ನುವುದಾದರೆ, ತನ್ನ ಪಶ್ಚಾತ್ತಾಪ ದೇವರ ಮೇಲಣ ಪ್ರೀತಿಯಿಂದ ಹುಟ್ಟಿದ್ದೋ ನರಕದ ಹೆದರಿಕೆಯಿಂದ ಹುಟ್ಟಿದ್ದೋ ಎಂದು ಹೇಳುವವರು ಯಾರು? ತನ್ನನ್ನು ತಾನೇ ಕಾಯುವ ಮನಸ್ಸಿಗೆ ಬಿಡುವೆಂಬುದೇ ಇಲ್ಲ. ಎಷ್ಟು ಮಾಡಿದರೆ ಸಾಕು ಎಂಬ ಈ ಒಂದು ಪ್ರಶ್ನೆ ಮುಂದೆ ಪಶ್ಚಿಮದ ಕ್ರೈಸ್ತ ಜಗತ್ತನ್ನೇ ಎರಡಾಗಿ ಒಡೆಯಿತು.

ಪುಣ್ಯದ ಲೆಕ್ಕಪತ್ರ

ಲೂಥರನ ಸಂಕಟ ಅವನೊಬ್ಬನ ಮನೋವ್ಯಾಧಿ ಎಂದು ತಳ್ಳಿಹಾಕುವಂತಿರಲಿಲ್ಲ. ಆ ಕಾಲದ ಧಾರ್ಮಿಕ ಜೀವನದ ತುಂಬ ಲೆಕ್ಕಾಚಾರ ಸೇರಿಕೊಂಡಿತ್ತು. ಸತ್ತವರ ಆತ್ಮಗಳು ಸ್ವರ್ಗ ಸೇರುವ ಮುನ್ನ ಶುದ್ಧೀಕರಣದ ಸ್ಥಳವೊಂದರಲ್ಲಿ ಉಳಿದ ದಂಡವನ್ನು ಅನುಭವಿಸಬೇಕೆಂಬ ನಂಬಿಕೆ ಜನರಲ್ಲಿ ಬೇರೂರಿತ್ತು. ಕ್ರಿಸ್ತನೂ ಸಂತರೂ ಗಳಿಸಿಟ್ಟ ಪುಣ್ಯದ ಭಂಡಾರದಿಂದ ಈ ದಂಡವನ್ನು ಮಾಫಿ ಮಾಡುವ ಅಧಿಕಾರ ಧರ್ಮಸಭೆಗೆ ಇದೆ ಎಂದು ಬೋಧಿಸಲಾಗುತ್ತಿತ್ತು. ಈ ಮಾಫಿಯೇ 'ಇಂಡಲ್ಜೆನ್ಸ್'. ನಮ್ಮ ಶಾಲಾ ಪಠ್ಯಗಳಲ್ಲಿ ಇದು ಕ್ಷಮಾಪತ್ರ ಎಂದು ಬರುತ್ತದೆ.

ಶಾಸ್ತ್ರದ ಪ್ರಕಾರ ಈ ಪತ್ರ ಪಾಪವನ್ನು ಅಳಿಸುವುದಿಲ್ಲ. ಪಾಪವನ್ನು ಒಪ್ಪಿಕೊಂಡು ಕ್ಷಮೆ ಪಡೆದ ಮೇಲೂ ಉಳಿಯುವ ದಂಡವನ್ನಷ್ಟೇ ತಗ್ಗಿಸುತ್ತದೆ. ಆದರೆ ಸಂತೆಯಲ್ಲಿ ನಿಂತವನಿಗೆ ಇಷ್ಟು ಸೂಕ್ಷ್ಮ ಎಲ್ಲಿ ತಿಳಿಯಬೇಕು? ಹಣ ಕೊಟ್ಟರೆ ಪಾಪ ಹೋಗುತ್ತದೆ ಎಂದೇ ಜನ ತಿಳಿದರು. ಲೂಥರ್ ಮುಂದೆ ಪ್ರಾಧ್ಯಾಪಕನಾದ ವಿಟೆನ್‌ಬರ್ಗ್ ಊರಿನಲ್ಲೇ ಸ್ಯಾಕ್ಸನಿಯ ದೊರೆ ಫ್ರೆಡರಿಕ್ 19,000ಕ್ಕೂ ಹೆಚ್ಚು ಪವಿತ್ರಾವಶೇಷಗಳನ್ನು ಸಂಗ್ರಹಿಸಿದ್ದ. ಅವನ್ನು ವಿಧಿಪೂರ್ವಕ ದರ್ಶಿಸಿದವರಿಗೆ ಸುಮಾರು 19 ಲಕ್ಷ ವರ್ಷಗಳ ದಂಡ ಕಡಿತವಾಗುತ್ತದೆ ಎಂದು ಲೆಕ್ಕ ಹಾಕಲಾಗಿತ್ತು. ಪರಲೋಕದ ವ್ಯವಹಾರಕ್ಕೂ ಜಮಾ-ಖರ್ಚಿನ ಪುಸ್ತಕ ತೆರೆದಂತಾಗಿತ್ತು.

ಈ ಲೆಕ್ಕದ ಹಿಂದೆ ಇಹಲೋಕದ ಲೆಕ್ಕವೂ ಇತ್ತು. ಬ್ರಾಂಡೆನ್‌ಬರ್ಗ್ ರಾಜಮನೆತನದ ಆಲ್ಬ್ರೆಕ್ಟ್ ಎಂಬಾತ ಚಿಕ್ಕ ವಯಸ್ಸಿನಲ್ಲೇ ಮೈನ್ಸ್ ನಗರದ ಆರ್ಚ್‌ಬಿಷಪ್ ಆದ. ಒಂದಕ್ಕಿಂತ ಹೆಚ್ಚು ಪೀಠಗಳನ್ನು ಒಬ್ಬನೇ ಹಿಡಿದಿಟ್ಟುಕೊಳ್ಳುವ ಅನುಮತಿಗಾಗಿ ರೋಮಿಗೆ ಭಾರಿ ಮೊತ್ತ ಸಲ್ಲಿಸಬೇಕಾಗಿ ಬಂದು, ಔಗ್ಸ್‌ಬರ್ಗ್‌ನ ಫುಗ್ಗರ್ ಎಂಬ ಸಾಹುಕಾರರಿಂದ ಸಾಲ ಎತ್ತಿದ. ಸಾಲ ತೀರಿಸಲು ದಾರಿಯೂ ಸಿಕ್ಕಿತು. ರೋಮಿನ ಸೇಂಟ್ ಪೀಟರ್ ದೇವಾಲಯದ ಕಟ್ಟಡಕ್ಕಾಗಿ ಪೋಪ್ ಹತ್ತನೆಯ ಲಿಯೊ ಹೊರಡಿಸಿದ್ದ ಕ್ಷಮಾಪತ್ರಗಳನ್ನು ಆಲ್ಬ್ರೆಕ್ಟನ ಸೀಮೆಯಲ್ಲಿ ಮಾರುವುದು. ಬಂದ ಹಣದಲ್ಲಿ ಅರ್ಧ ರೋಮಿಗೆ, ಉಳಿದರ್ಧ ಸಾಲಕ್ಕೆ. ಮಾರಾಟದ ಹೊಣೆ ಹೊತ್ತವನು ಡೊಮಿನಿಕನ್ ಪಂಥದ ಯೋಹಾನ್ ಟೆಟ್ಸೆಲ್. ಫ್ರೆಡರಿಕ್ ತನ್ನ ರಾಜ್ಯದಲ್ಲಿ ಈ ಮಾರಾಟಕ್ಕೆ ಅವಕಾಶ ಕೊಡಲಿಲ್ಲ. ಆದರೂ ವಿಟೆನ್‌ಬರ್ಗ್ ಜನ ಗಡಿ ದಾಟಿ ಹೋಗಿ ಪತ್ರ ಕೊಂಡು ತಂದರು. ತಮ್ಮ ಪಾಪನಿವೇದನೆ ಕೇಳುವ ಪಾದ್ರಿ ಲೂಥರನಿಗೇ ಅವನ್ನು ತೋರಿಸಿದರು.

1517ರ ಅಕ್ಟೋಬರ್ 31ರಂದು ಲೂಥರ್ ಆರ್ಚ್‌ಬಿಷಪ್ ಆಲ್ಬ್ರೆಕ್ಟನಿಗೆ ಕಾಗದ ಬರೆದು, ಚರ್ಚೆಗೆಂದು ಸಿದ್ಧಪಡಿಸಿದ 95 ಸೂತ್ರಗಳನ್ನು ಜೊತೆಗಿಟ್ಟು ಕಳಿಸಿದ. ಅವನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದನೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕಾಗದ ಬರೆದದ್ದಂತೂ ನಿಜ. ಮೊದಲ ಸೂತ್ರದ ತಾತ್ಪರ್ಯ ಸರಳ: ಪಶ್ಚಾತ್ತಾಪವೆಂದರೆ ಒಂದು ದಿನ ಮಾಡಿ ಮುಗಿಸುವ ವಿಧಿಯಲ್ಲ, ಅದು ಇಡೀ ಬಾಳು. ಇದನ್ನು ಗಮನಿಸಬೇಕು. ಕ್ಷಮೆ ಇಷ್ಟು ಅಗ್ಗವಾಗಬಾರದು ಎಂಬುದೇ ಲೂಥರನ ಮೊದಲ ಆಕ್ಷೇಪವಾಗಿತ್ತು. ಕ್ಷಮೆಗೆ ಬೆಲೆಯನ್ನೇ ಕಟ್ಟಲಾಗದು ಎಂಬ ಮಾತು ಪೂರ್ಣವಾಗಿ ಬಂದದ್ದು ಆಮೇಲೆ.

ಪೌಲನ ಪತ್ರಿಕೆಗಳು

ಆ ಮಾತು ಹೊಳೆದದ್ದು ಓದಿನಲ್ಲಿ. 1512ರಲ್ಲಿ ಡಾಕ್ಟರ್ ಪದವಿ ಪಡೆದ ಲೂಥರ್ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲ್ ಪಾಠ ಹೇಳುತ್ತಿದ್ದ. ಕೀರ್ತನೆಗಳಾದ ಮೇಲೆ 1515-16ರಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಕೈಗೆತ್ತಿಕೊಂಡ. ಅಲ್ಲಿ ಬರುವ 'ದೇವರ ನೀತಿ' ಎಂಬ ಪದವೇ ಲೂಥರನನ್ನು ಹಿಂಸಿಸುತ್ತಿತ್ತು. ನೀತಿವಂತನಾದ ದೇವರು ಪಾಪಿಯನ್ನು ದಂಡಿಸುತ್ತಾನೆ ಎಂಬ ಅರ್ಥವನ್ನೇ ಆತ ಕಲಿತಿದ್ದ. ಅಂಥ ದೇವರನ್ನು ಪ್ರೀತಿಸಲಾಗದೆ ಒಳಗೊಳಗೇ ದ್ವೇಷಿಸುತ್ತಿದ್ದೆನೆಂದು ಸಾಯುವ ಹಿಂದಿನ ವರ್ಷ, 1545ರಲ್ಲಿ, ಬರೆದ ಮುನ್ನುಡಿಯೊಂದರಲ್ಲಿ ಲೂಥರ್ ನೆನೆದಿದ್ದಾನೆ. ಆ ನೀತಿ ದೇವರು ಅಳೆಯುವ ಕೋಲಲ್ಲ, ದೇವರು ಕೊಡುವ ದಾನ ಎಂದು ಒಂದು ಘಟ್ಟದಲ್ಲಿ ಅರಿವಾಯಿತು. ಮನುಷ್ಯ ಮೊದಲು ಒಳ್ಳೆಯವನಾಗಿ ಆಮೇಲೆ ದೇವರಿಗೆ ಬೇಕಾದವನಾಗುವುದಲ್ಲ. ದೇವರಿಗೆ ಬೇಕಾದವನು ಎಂದು ನಂಬಿದ ಮೇಲೆ ಒಳ್ಳೆಯವನಾಗಲು ತೊಡಗುತ್ತಾನೆ. ಕ್ರೈಸ್ತ ಪರಿಭಾಷೆಯಲ್ಲಿ ಈ ದಾನಕ್ಕೆ ಕೃಪೆ ಎಂದು ಹೆಸರು.

ಇದು ಲೂಥರ್ ಹೊಸದಾಗಿ ಕಂಡುಹಿಡಿದ ತತ್ವವಲ್ಲ. ಕ್ರಿಸ್ತಶಕ ಮೊದಲ ಶತಮಾನದ ನಡುಭಾಗದಲ್ಲಿ ಪೌಲನು ಗಲಾತ್ಯದ ಸಭೆಗಳಿಗೆ ಬರೆದ ಪತ್ರಿಕೆಯ ಜಗಳವೂ ಇದೇ ಆಗಿತ್ತು. ಯೆಹೂದ್ಯರಲ್ಲದವರು ಏಸುವಿನ ಅನುಯಾಯಿಗಳಾಗಬೇಕಾದರೆ ಸುನ್ನತಿ ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರವನ್ನು ಪಾಲಿಸಲೇಬೇಕೆಂದು ಕೆಲವರು ಹಟ ಹಿಡಿದಿದ್ದರು. ಬೇಡವೆಂದು ಪೌಲ ಸಿಡಿದೆದ್ದ. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯವರು ಬಂದೊಡನೆ ಹಿಂದೆ ಸರಿದನೆಂದು ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡದ್ದನ್ನು ಪೌಲನೇ ಹೇಳಿಕೊಂಡಿದ್ದಾನೆ. ಯಾರೊಡನೆ ಕುಳಿತು ಉಣ್ಣಬಹುದು ಎಂಬ ಊಟದ ಮನೆಯ ಪ್ರಶ್ನೆಯಿಂದಲೇ ಕೃಪೆಯ ಈ ಸಿದ್ಧಾಂತ ಮಸೆದುಕೊಂಡಿತು ಎನ್ನುವುದು ನಮ್ಮ ದೇಶದವರಿಗೆ ಬೇಗ ಅರ್ಥವಾಗುವ ಸಂಗತಿ.

ಐದನೆಯ ಶತಮಾನದ ಆರಂಭದಲ್ಲಿ ಚರ್ಚೆ ಇನ್ನೊಂದು ರೂಪ ತಾಳಿತು. ಬ್ರಿಟನ್ ಮೂಲದ ಪೆಲಾಜಿಯಸ್ ಎಂಬ ತಪಸ್ವಿ ರೋಮಿನ ಕ್ರೈಸ್ತರ ಸಡಿಲ ನಡತೆ ಕಂಡು ಬೇಸತ್ತು, ಮನಸ್ಸು ಮಾಡಿದರೆ ಮನುಷ್ಯ ಪಾಪವಿಲ್ಲದೆ ಬದುಕಬಲ್ಲ ಎಂದು ಬೋಧಿಸಿದ. ಮಾಡಬಲ್ಲದ್ದನ್ನಲ್ಲವೇ ದೇವರು ಆಜ್ಞಾಪಿಸುವುದು ಎಂಬುದು ಅವನ ವಾದ. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನ್ ಇದನ್ನು ಒಪ್ಪಲಿಲ್ಲ. ಮನುಷ್ಯನ ಇಚ್ಛೆಗೇ ರೋಗ ತಗುಲಿದೆ. ರೋಗಿಗೆ ಎದ್ದು ನಡೆ ಎಂದು ಹೇಳಿದರೆ ಸಾಲದು, ಔಷಧ ಬೇಕು. ಆ ಔಷಧವೇ ಕೃಪೆ ಎಂಬುದು ಅವನ ನಿಲುವು. 418ರಲ್ಲಿ ಕಾರ್ತೇಜಿನ ಧರ್ಮಸಭೆ ಪೆಲಾಜಿಯಸನ ಮತವನ್ನು ತಿರಸ್ಕರಿಸಿತು. ಲೂಥರ್ ಸೇರಿದ್ದು ಇದೇ ಅಗಸ್ಟೀನನ ಹೆಸರಿನ ಮಠವನ್ನು ಎಂಬುದು ಇಲ್ಲಿ ನೆನಪಿಡತಕ್ಕದ್ದು.

ಹಾಗಾದರೆ ಒಳಿತೇಕೆ ಮಾಡಬೇಕು?

1521ರಲ್ಲಿ ಪೋಪ್ ಲೂಥರನನ್ನು ಬಹಿಷ್ಕರಿಸಿದ. ವರ್ಮ್ಸ್ ನಗರದ ಸಾಮ್ರಾಜ್ಯ ಸಭೆಯಲ್ಲಿ ತನ್ನ ಬರಹಗಳನ್ನು ಹಿಂತೆಗೆದುಕೊಳ್ಳಲು ಒಪ್ಪದ ಲೂಥರ್, ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ. 1522ರಲ್ಲಿ ಅದು ಅಚ್ಚಾಯಿತು. ಮನುಷ್ಯ ನಂಬಿಕೆಯಿಂದ ನೀತಿವಂತನೆನಿಸುತ್ತಾನೆ ಎಂಬ ಪೌಲನ ವಾಕ್ಯಕ್ಕೆ ಮೂಲ ಗ್ರೀಕಿನಲ್ಲಿಲ್ಲದ 'ಮಾತ್ರ' ಎಂಬರ್ಥದ ಪದವನ್ನು ಲೂಥರ್ ಸೇರಿಸಿದ. ಎದುರಾಳಿಗಳು ಮುಗಿಬಿದ್ದರು. ಜರ್ಮನ್ ನುಡಿಯ ಜಾಯಮಾನ ಆ ಪದವನ್ನು ಕೇಳುತ್ತದೆ, ಪೌಲನ ಅಭಿಪ್ರಾಯವೂ ಅದೇ ಎಂದು ಲೂಥರ್ ಸಮರ್ಥಿಸಿಕೊಂಡ. ಆ ಒಂದು ಪದದ ಮೇಲೆ ಶತಮಾನಗಳ ಕಾಲ ವಾದ ನಡೆಯಿತು.

ನಂಬಿಕೆ ಮಾತ್ರ ಸಾಕಾದರೆ ಸತ್ಕಾರ್ಯ ಏಕೆ? ಪೌಲನ ಕಾಲದಲ್ಲೇ ಎದ್ದಿದ್ದ ಈ ಪ್ರಶ್ನೆಗೆ ಲೂಥರ್ 1520ರಲ್ಲೇ, ಕ್ರೈಸ್ತನ ಸ್ವಾತಂತ್ರ್ಯ ಕುರಿತ ಕಿರುಹೊತ್ತಗೆಯಲ್ಲಿ, ಉತ್ತರ ಕೊಟ್ಟಿದ್ದ. ನಂಬಿಕೆಯಿಂದ ಮನುಷ್ಯ ಯಾರ ಆಳೂ ಅಲ್ಲ. ಪ್ರೀತಿಯಿಂದ ಎಲ್ಲರ ಆಳು. ಹಣ್ಣು ಬಿಟ್ಟದ್ದರಿಂದ ಮರ ಒಳ್ಳೆಯದಾಗುವುದಿಲ್ಲ, ಮರ ಒಳ್ಳೆಯದಾದ್ದರಿಂದ ಒಳ್ಳೆಯ ಹಣ್ಣು ಬಿಡುತ್ತದೆ. ಪುಣ್ಯಕ್ಕಾಗಿ ಮಾಡಿದ ದಾನದಲ್ಲಿ ಬಡವ ನೆಪ ಮಾತ್ರ. ಕೊಡುವವನ ಕಣ್ಣು ತನ್ನ ಲೆಕ್ಕದ ಪುಸ್ತಕದ ಮೇಲೆ. ಪುಣ್ಯದ ಹಂಗು ಕಳಚಿದಾಗಲೇ ಎದುರಿಗಿರುವವನ ಹಸಿವು ಕಾಣಿಸುತ್ತದೆ. ಕೃಪೆಯ ಸಿದ್ಧಾಂತದ ಜೀವಾಳ ಇದು.

ಹೇಳುವುದು ಸುಲಭ, ಊರೂರಿನಲ್ಲಿ ನಡೆಸುವುದು ಕಷ್ಟ. ಸ್ವಾತಂತ್ರ್ಯದ ಮಾತನ್ನು ನಂಬಿ 1525ರಲ್ಲಿ ರೈತರು ಬಂಡೆದ್ದಾಗ ಲೂಥರ್ ದೊರೆಗಳ ಪಕ್ಷ ವಹಿಸಿ, ದಂಗೆಯನ್ನು ನಿರ್ದಯೆಯಿಂದ ಅಡಗಿಸಬೇಕೆಂದು ಬರೆದ. ಕೃಪೆಯ ಬೋಧಕನ ಲೇಖನಿಯಿಂದ ಬಂದ ಆ ಬರಹ ಅವನ ಹೆಸರಿಗೆ ಅಂಟಿದ ಕಲೆ. 1527-28ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ತಪಾಸಣೆ ಮಾಡಿದಾಗ, ಜನರಿಗೆ ಪ್ರಾರ್ಥನೆಯೂ ಬಾರದು, ಸ್ವಾತಂತ್ರ್ಯವೆಂದರೆ ಕಟ್ಟಿಲ್ಲದ ಬದುಕು ಎಂದು ತಿಳಿದಿದ್ದಾರೆ ಎಂಬುದು ಗೊತ್ತಾಗಿ ಲೂಥರ್ ಕಂಗಾಲಾದ. 1529ರಲ್ಲಿ ಮನೆಮನೆಯಲ್ಲಿ ಕಲಿಸಲೆಂದು ಪ್ರಶ್ನೋತ್ತರದ ಪುಸ್ತಕ ಬರೆದ. ಅದರ ಮೊದಲ ಪಾಠ ಹತ್ತು ಆಜ್ಞೆಗಳು! ಕೃಪೆ ಬಂದ ಮೇಲೆ ಆಜ್ಞೆಗಳನ್ನು ಬೋಧಿಸುವುದೇ ಬೇಡ ಎಂದ ತನ್ನ ಶಿಷ್ಯ ಯೋಹಾನ್ ಆಗ್ರಿಕೋಲನನ್ನು ಲೂಥರ್ 1530ರ ದಶಕದ ಕೊನೆಯಲ್ಲಿ ಕಟುವಾಗಿ ಎದುರಿಸಿದ. ನಿಯಮದಿಂದ ರಕ್ಷಣೆ ಇಲ್ಲ, ನಿಯಮವಿಲ್ಲದೆ ಸಮಾಜವಿಲ್ಲ ಎಂಬ ಇಬ್ಬಂದಿಯಿಂದ ಅವನೂ ಪಾರಾಗಲಿಲ್ಲ.

ಇತ್ತ ಕ್ಯಾಥೊಲಿಕ್ ಧರ್ಮಸಭೆಯೂ ಸುಮ್ಮನಿರಲಿಲ್ಲ. ಟ್ರೆಂಟ್ ನಗರದಲ್ಲಿ ಸೇರಿದ ಮಹಾಸಭೆ 1547ರ ಜನವರಿಯಲ್ಲಿ ಈ ವಿಷಯದ ಮೇಲೆ ತೀರ್ಮಾನ ಹೊರಡಿಸಿತು. ಕ್ಯಾಥೊಲಿಕರು ಪುಣ್ಯ ಗಳಿಸಿ ಸ್ವರ್ಗ ಕೊಳ್ಳುತ್ತಾರೆ ಎಂಬ ಜನಪ್ರಿಯ ಗ್ರಹಿಕೆಗೆ ಆ ತೀರ್ಮಾನದಲ್ಲಿ ಆಧಾರವಿಲ್ಲ. ಕೃಪೆಯಿಲ್ಲದೆ ಸ್ವಪ್ರಯತ್ನದಿಂದ ರಕ್ಷಣೆ ಸಾಧ್ಯ ಎನ್ನುವವನನ್ನು ಅದು ಮೊದಲಿಗೇ ಖಂಡಿಸುತ್ತದೆ. ಮೊದಲ ಹೆಜ್ಜೆ ದೇವರದೇ. ಆದರೆ ಆ ಕೃಪೆಗೆ ಮನುಷ್ಯ ತನ್ನ ಇಚ್ಛೆಯಿಂದ ಓಗೊಡಬೇಕು, ಸತ್ಕಾರ್ಯಗಳಿಂದ ಅದರಲ್ಲಿ ಬೆಳೆಯಬೇಕು ಎಂಬುದು ಅದರ ನಿಲುವು. ಕ್ಷಮಾಪತ್ರಗಳ ಹೆಸರಿನ ಹಣದಾಸೆಗೆ ಕೊನೆ ಹಾಡಬೇಕೆಂದು 1563ರಲ್ಲಿ ಅದೇ ಸಭೆ ಆಜ್ಞಾಪಿಸಿತು. ಅಷ್ಟರಲ್ಲಿ ಯುರೋಪು ಒಡೆದು ಹೋಗಿತ್ತು.

ಮಂಗಳೂರಿಗೆ ಬಂದ ಮಾತು

ಈ ವಾದದ ವಾರಸುದಾರರು 1834ರಲ್ಲಿ ಮಂಗಳೂರಿನಲ್ಲಿ ಇಳಿದರು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಆ ಮೊದಲ ತಂಡದವರು. ಮೋಗ್ಲಿಂಗ್, ಕಿಟ್ಟೆಲ್ ಮುಂತಾಗಿ ಕನ್ನಡಿಗರು ಬಲ್ಲ ಹೆಸರುಗಳು ಬಂದದ್ದು ಆಮೇಲೆ. ಇವರಲ್ಲಿ ಬಹುಮಂದಿ ಜರ್ಮನ್ ನಾಡಿನ ಪಯಟಿಸ್ಟ್ ಭಕ್ತಿಪಂಥದ ಮನೆಗಳವರು. ಬಾಯಿಮಾತಿನ ಸಿದ್ಧಾಂತ ಸಾಲದು, ಕೃಪೆ ಹೃದಯವನ್ನು ತಟ್ಟಿ ನಡತೆಯಲ್ಲಿ ಕಾಣಬೇಕು ಎಂಬುದು ಆ ಪಂಥದ ಒತ್ತಾಯ.

ಇಲ್ಲಿ ಮತಾಂತರಗೊಂಡವರಿಗೆ ಕೃಪೆ ಪುಕ್ಕಟೆಯಾಗಿ ಸಿಗಲಿಲ್ಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಆನಂದರಾಯ ಕೌಂಡಿನ್ಯರ ಪ್ರಸಂಗ ಊರನ್ನೇ ಅಲ್ಲಾಡಿಸಿತು. ಜಾತಿಯಿಂದ ಹೊರಬಿದ್ದವರಿಗೆ ಮನೆಯೂ ಇಲ್ಲ, ಕುಲಕಸುಬೂ ಇಲ್ಲ. ಅವರ ಹೊಟ್ಟೆಪಾಡಿಗಾಗಿ ಮಿಶನ್ನು ಮುದ್ರಣಾಲಯ, ನೇಯ್ಗೆ ಶಾಲೆ ನಡೆಸಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚಿನ ಖ್ಯಾತಿಯ ಮೂಲ ಇದೇ. ಈ ಹೊಸ ಸಮುದಾಯಕ್ಕೆ ಮಿಶನ್ನು ಕಟ್ಟುನಿಟ್ಟಿನ ಸಭಾನಿಯಮಗಳನ್ನೂ ವಿಧಿಸಿತು. ಕುಡಿತ, ಭಾನುವಾರದ ದುಡಿಮೆ, ಮದುವೆಯ ವಿಷಯದ ತಪ್ಪು ಎಲ್ಲಕ್ಕೂ ವಿಚಾರಣೆ ಇತ್ತು. ತಪ್ಪಿ ನಡೆದವರನ್ನು ಪ್ರಭುಭೋಜನದಿಂದ ಹೊರಗಿಡುವ ಶಿಕ್ಷೆಯೂ ಇತ್ತು. ನಿಯಮದಿಂದ ರಕ್ಷಣೆಯಿಲ್ಲ ಎಂದು ಸಾರಿದವರೇ ನಿಯಮದ ಪುಸ್ತಕ ಹಿಡಿದು ನಿಂತದ್ದು ವಿಪರ್ಯಾಸ. ಆದರೂ ಎಲ್ಲವನ್ನೂ ಕಳೆದುಕೊಂಡು ಬಂದ ಜನಕ್ಕೆ ಆ ಕಟ್ಟುಪಾಡು ಆಸರೆಯೂ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ವಿಟೆನ್‌ಬರ್ಗಿನಲ್ಲಿ ಲೂಥರ್ ಎದುರಿಸಿದ ಇಬ್ಬಂದಿಯೇ ಮಂಗಳೂರಿಗೂ ಬಂದಿತ್ತು.

ಭಾಷೆಯೂ ತನ್ನ ಕೆಲಸ ಮಾಡಿತು. ಮೋಶೆಯ ನಿಯಮಗಳಿಗೆ ಕನ್ನಡ ಬೈಬಲಿನಲ್ಲಿ ನಿಂತ ಪದ 'ಧರ್ಮಶಾಸ್ತ್ರ'. ಅದರ ಎದುರಿಗೆ 'ಕೃಪೆ'. ಕನ್ನಡ ಕಿವಿಗೆ ಈ ಎರಡೂ ಹೊಸವಲ್ಲ. ದೇವರ ಅನುಗ್ರಹವೇ ಎಲ್ಲ, ಜೀವನ ಪ್ರಯತ್ನ ಏನೂ ಅಲ್ಲವೇ ಎಂಬ ಚರ್ಚೆ ಶ್ರೀವೈಷ್ಣವರಲ್ಲಿ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳೆಂದು ಪ್ರಸಿದ್ಧ. ಕೋತಿಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ವಡಗಲೆಯವರದು ಮೊದಲನೆಯದು, ತೆಂಗಲೆಯವರದು ಎರಡನೆಯದು. ಭಾರತವನ್ನು ಕಂಡು ಹೋದ ಜರ್ಮನ್ ವಿದ್ವಾಂಸ ರುಡಾಲ್ಫ್ ಒಟ್ಟೊ ಭಾರತದ ಈ ಕೃಪಾಧರ್ಮವನ್ನು ಕ್ರೈಸ್ತಧರ್ಮದೊಡನೆ ಹೋಲಿಸಿ 1930ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಹೋಲಿಕೆ ಆಳವಾಗಿದ್ದರೂ ಎರಡರ ಅಚ್ಚು ಬೇರೆ ಎಂದು ಅವರಿಗೆ ತೋರಿತು. ಒಂದು ಕಡೆ ಬಿಡುಗಡೆ ಬೇಕಾದದ್ದು ಸಂಸಾರಬಂಧನದಿಂದ, ಇನ್ನೊಂದು ಕಡೆ ಅಪರಾಧದ ಭಾರದಿಂದ.

ಮರು ಓದು, ಮರು ಮಿಲನ

ಲೂಥರನ ಓದನ್ನೂ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಪರೀಕ್ಷೆಗೆ ಒಡ್ಡಿದರು. ಪೌಲನಿಗೆ ಲೂಥರನಂಥ ಪಾಪಭೀತಿಯೇ ಇರಲಿಲ್ಲ. ಅನ್ಯಜನರನ್ನು ಸೇರಿಸಿಕೊಳ್ಳುವುದು ಹೇಗೆಂಬುದೇ ಅವನ ಚಿಂತೆಯಾಗಿತ್ತು ಎಂದು ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ 1963ರಲ್ಲಿ ವಾದಿಸಿದರು. ಯೆಹೂದ್ಯ ಧರ್ಮ ಒಣ ನಿಯಮಪಾಲನೆಯ ಧರ್ಮವೆಂಬ ಚಿತ್ರವೇ ತಪ್ಪು, ಅಲ್ಲಿಯೂ ದೇವರ ಆಯ್ಕೆಯೇ ಮೊದಲು, ನಿಯಮ ಅದಕ್ಕೆ ಕೊಡುವ ಉತ್ತರ ಎಂದು ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಸಾಧಿಸಿದರು. ಇದು ಬರೀ ಪಂಡಿತರ ಜಿಜ್ಞಾಸೆಯಲ್ಲ. ಯೆಹೂದ್ಯರನ್ನು ಕೃಪೆ ಅರಿಯದ ಜನವೆಂದು ಹಳಿಯುತ್ತ ಬಂದ ದೀರ್ಘ ಪರಂಪರೆಗೆ 1543ರಲ್ಲಿ ಲೂಥರನೇ ಅತಿ ಕ್ರೂರವಾದ ಪುಸ್ತಕವೊಂದನ್ನು ಸೇರಿಸಿದ್ದ. ನಾಲ್ಕು ಶತಮಾನಗಳ ತರುವಾಯ ನಾಜಿಗಳು ಅದನ್ನು ಬಳಸಿಕೊಂಡರು. ಲೂಥರನ್ ಸಭೆಗಳು ಮುಂದೆ ಆ ಬರಹವನ್ನು ಬಹಿರಂಗವಾಗಿ ತಿರಸ್ಕರಿಸಿವೆ.

1999ರ ಅಕ್ಟೋಬರ್ 31ರಂದು, ಫುಗ್ಗರ್ ಸಾಹುಕಾರರ ಊರಾಗಿದ್ದ ಔಗ್ಸ್‌ಬರ್ಗ್‌ನಲ್ಲೇ, ವಿಶ್ವ ಲೂಥರನ್ ಒಕ್ಕೂಟ ಮತ್ತು ವ್ಯಾಟಿಕನ್ ಪ್ರತಿನಿಧಿಗಳು ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿದರು. ಮನುಷ್ಯನ ಯಾವ ಅರ್ಹತೆಯಿಂದಲೂ ಅಲ್ಲದೆ ಕೃಪೆಯಿಂದ ಮಾತ್ರವೇ ದೇವರು ಅವನನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಅವನನ್ನು ಒಳಿತಿಗೆ ಅಣಿಗೊಳಿಸುತ್ತದೆ ಎಂಬುದು ಅದರ ಸಾರ. ಈ ಒಪ್ಪಂದದಲ್ಲಿ ಹೇಳಿದ ಬೋಧನೆಗೆ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲ ಎಂದೂ ಅದು ಹೇಳಿತು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವಸಂಸ್ಥೆಯೂ ಇದಕ್ಕೆ ದನಿಗೂಡಿಸಿದವು. ಎಲ್ಲ ಭಿನ್ನಾಭಿಪ್ರಾಯವೂ ಕರಗಲಿಲ್ಲ. ಒಂದೇ ಪ್ರಭುಭೋಜನದ ಮೇಜಿಗೆ ಕೂರುವ ದಿನ ಇನ್ನೂ ಬಂದಿಲ್ಲ. ಆದರೆ ಮನೆ ಒಡೆದ ಮೂಲ ಜಗಳದ ಬಗ್ಗೆ ಅಣ್ಣತಮ್ಮಂದಿರು ಒಂದು ಮಾತಿಗೆ ಬಂದರು.

ಕೃಪೆಯ ಮಾತನ್ನು ಕಾಪಾಡಿಕೊಳ್ಳುವುದು ಅದನ್ನು ಒಪ್ಪಿಕೊಂಡವರಿಗೇ ಕಷ್ಟ ಎಂಬುದು ಈ ಇತಿಹಾಸದುದ್ದಕ್ಕೂ ಕಾಣುವ ಸಂಗತಿ. ಕೊಟ್ಟದ್ದನ್ನು ಗಳಿಸಿದ್ದೆಂದು ಲೆಕ್ಕ ಬರೆದುಕೊಳ್ಳುವುದು ಮನುಷ್ಯನ ಹಳೆಯ ಚಾಳಿ. ಸರಿಯಾಗಿ ನಂಬಿದ್ದೇನೆಯೇ ಎಂಬ ಚಿಂತೆ ಹತ್ತಿದರೆ ನಂಬಿಕೆಯೂ ಒಂದು ನಿಯಮವಾಗಿ ಬಿಡುತ್ತದೆ. ಆಗ ಎರ್ಫುರ್ಟ್ ಮಠದ ಆ ಯುವಕನ ಭಯ ಹೊಸ ವೇಷದಲ್ಲಿ ಮರಳುತ್ತದೆ. ಯಾವ ಧರ್ಮದ ಮನೆಯಲ್ಲೇ ಆಗಲಿ, ಎಷ್ಟು ಮಾಡಿದರೂ ಸಾಲದೆಂದು ಕೊರಗುವ ಮನಸ್ಸು ಅಪರೂಪವಲ್ಲ. ಅಂಥ ಮನಸ್ಸಿಗೆ ಇನ್ನಷ್ಟು ಮಾಡು ಎಂಬ ಉಪದೇಶಕ್ಕಿಂತ, ನೀನು ಬೇಕಾದವನೆಂದು ಆಗಲೇ ತೀರ್ಮಾನವಾಗಿದೆ, ಇನ್ನು ಪಕ್ಕದವನ ಕಡೆ ನೋಡು ಎಂಬ ಮಾತು ಹೆಚ್ಚು ಬಲ ಕೊಟ್ಟೀತು. ಲೂಥರ್ ಕಂಡುಕೊಂಡ ಬಿಡುಗಡೆ ಇದೇ. ಅದನ್ನು ಯೆಹೂದ್ಯರಿಗೂ ಬಂಡೆದ್ದ ರೈತರಿಗೂ ಕೊಡಲು ಅವನಿಗೆ ಆಗಲಿಲ್ಲ ಎಂಬುದೂ ಇತಿಹಾಸವೇ.